ಕಾಮಿನಿ ಮಾತ್ರೆ: ಕೆಲಸ ಮಾಡುತ್ತೆ, ಅದೇ ಪ್ರಾಬ್ಲಮ್ಮು

ಐದಕ್ಕೆ ಒಂದು ಸ್ಟಾರ್. ತಿಂದಿದ್ದು ನಾನಲ್ಲ, ನಮ್ಮ ಸೋದರಮಾವ. ಆದ್ರೆ ಎಂಟು ತಿಂಗ್ಳು ಪ್ರತಿ ಸಲ ಆರ್ಡರ್ ಹಾಕ್ಕೊಟ್ಟಿದ್ದು ನನ್ನ ಫೋನಿಂದ, ಹಂಗಾಗಿ ರಿವ್ಯೂ ಬರಿಯೋದೂ ನನ್ನ ತಲೆಗೇ ಬಂತು.

ಮಾವ ಲಾರಿ ಡ್ರೈವರ್ರು, ಹಿರಿಯೂರಿಂದ ಅಹಮದಾಬಾದು, ಜೈಪುರದ ಕಡೆ ಲೋಡ್ ತಗೊಂಡು ಹೋಗೋರು. ಅಲ್ಲೆಲ್ಲೋ ಢಾಬಾದಲ್ಲಿ ಒಬ್ಬ ಡ್ರೈವರ್ ಕೊಟ್ನಂತೆ, ಒಂದು ಹಾಕ್ಕೊಂಡ್ರೆ ಸೊಂಟ ನೋವಿಲ್ಲ, ಮೈಕೈ ನೋವಿಲ್ಲ, ಊರು ಬಂದಿದ್ದೇ ಗೊತ್ತಾಗಲ್ಲ ಅಂತ. ಆಮೇಲೆ ನನ್ ಹತ್ರ ಬಂದು ಆನ್‌ಲೈನಲ್ಲಿ ತರಿಸ್ಕೊಡೋ ಅಂದ್ರು. ಡಬ್ಬದ ಮೇಲೆ ಗಂಡ ಹೆಂಡ್ತಿ ಚಿತ್ರ, ಗಂಡಸರ ಶಕ್ತಿಗೆ ಅಂತ ಬರಹ, ನಂಗೂ ನಾಚ್ಕೆ ಅವ್ರಿಗೂ ನಾಚ್ಕೆ, ಇಬ್ರೂ ತುಟಿ ಬಿಚ್ಚಲಿಲ್ಲ. ಆವತ್ತೇ ಡಬ್ಬ ಹಿಂದಕ್ಕೆ ತಿರುಗಿಸಿ ಓದಿದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ವೇನೋ.

ಪೂರ್ತಿ ಹೆಸರು ಕಾಮಿನಿ ವಿದ್ರಾವಣ ರಸ. ಹತ್ತಾರು ಕಡೆ ತಯಾರಾಗುತ್ತೆ, ನಾವು ತರಿಸಿದ್ದು ಯಾವ್ದು ಅಂತ ಹೇಳಲ್ಲ, ಫಾರ್ಮುಲಾ ಹಳೇದು, ಎಲ್ರದ್ದೂ ಹೆಚ್ಚುಕಮ್ಮಿ ಒಂದೇ. ಶುಂಠಿ, ಲವಂಗ, ಹಿಪ್ಪಲಿ, ಜಾಯಿಕಾಯಿ, ಜಾಪತ್ರೆ, ಕೇಸರಿ, ಅಂದ್ರೆ ಪಲಾವ್ ಮಸಾಲೆ ಲಿಸ್ಟ್ ಓದ್ದಂಗೆ ಇರುತ್ತೆ. ನಡುವೆ ಹಿಂಗುಲ ಅಂತಿದೆ, ಅದು ಪಾದರಸದ್ದು. ಕೊನೇಲಿ ಅಹಿಫೇನ. ಸಮುದ್ರದ ನೊರೆ ಅಂತ ಗ್ರಂಧಿಗೆ ಅಂಗಡೀಲಿ ಸಿಗುತ್ತಲ್ಲ, ಅಂಥದ್ದೇನೋ ಇರ್ಬೇಕು ಅನ್ಕೊಂಡಿದ್ದೆ ನಾನು. ಅಹಿಫೇನ ಅಂದ್ರೆ ಅಫೀಮು ಕಣ್ರೀ.

ವೈದ್ಯರ ನಿಗಾದಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಡಬ್ಬದ ಮೇಲಿತ್ತು, ಇಲ್ಲ ಅನ್ನಲ್ಲ. ಇಂಗ್ಲಿಷಲ್ಲಿ ಒಂದ್ಸಲ, ಹಿಂದೀಲಿ ಒಂದ್ಸಲ, ಯಾಕಂದ್ರೆ ರೂಲ್ಸಲ್ಲಿ ಇರೋದೇ ಆ ಎರಡು ಭಾಷೆ. ಮಾವ ಓದಿರೋದು ಕನ್ನಡದಲ್ಲಿ ಐದನೇ ಕ್ಲಾಸು. ಇನ್ನೊಂದು ತಮಾಷೆ ನೋಡಿ, ಅಫೀಮು ಬೆಳೀಬೇಕಂದ್ರೆ ಮಂದ್ಸೋರ್, ನೀಮಚ್ ಕಡೆ ರೈತ ಕೇಂದ್ರದಿಂದ ಲೈಸನ್ಸ್ ತಗೊಂಡು ಬೆಳೆದಿದ್ದನ್ನೆಲ್ಲ ಸರ್ಕಾರಕ್ಕೇ ತೂಗಿ ಕೊಡ್ಬೇಕು, 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕವಸ್ತು ಕಾನೂನು, ತಲೆ ಮೇಲೆ ಕೂತಿರುತ್ತೆ. ಅದೇ ಅಫೀಮು ಕೊರಿಯರ್ ಹುಡುಗನ ಬ್ಯಾಗಲ್ಲಿ ನಮ್ಮನೆ ಬಾಗಿಲಿಗೆ ಬಂತು. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಸರ್ಕಾರದವ್ರು ಇದರಲ್ಲಿ ಮಾರ್ಫಿನ್, ಅಂದ್ರೆ ಅಫೀಮಲ್ಲಿರೋ ಮತ್ತಿನ ಅಂಶ, ಇದೆ ತಗೋಬೇಡಿ ಅಂತ ಎಚ್ಚರಿಸಿದಾರೆ.

ಕೆಲಸ ಮಾಡುತ್ತಾ ಅಂತ ಕೇಳಿದ್ರೆ, ಮಾಡುತ್ತೆ. ಮೊದ್ಲು ಒಂದು, ಆಮೇಲೆ ಎರಡು, ಆರನೇ ತಿಂಗ್ಳಿಗೆ ದಿನಕ್ಕೆ ಹದಿನೈದು. ನಾಲ್ಕೈದು ದಿನ ಸಂಡಾಸ್ ಆಗ್ತಿರ್ಲಿಲ್ಲ, ಊಟ ಸೇರ್ತಿರ್ಲಿಲ್ಲ, ಕೂತಲ್ಲೇ ತೂಕಡಿಕೆ, ಅದೇ ತೂಕಡಿಕೇಲಿ ಲಾರಿ ಓಡಿಸ್ತಿದ್ರು ಅನ್ನೋದು ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ಒಂದ್ಸಲ ಸ್ಟಾಕ್ ಇಲ್ಲ ಅಂತ ಆರ್ಡರ್ ಕ್ಯಾನ್ಸಲ್ ಆಯ್ತು. ಮಾರನೇ ದಿನದಿಂದ ಒಂದೇ ಸಮ ಆಕಳಿಕೆ, ಮೂಗಲ್ಲಿ ಕಣ್ಣಲ್ಲಿ ನೀರು, ಮೈಯೆಲ್ಲ ಮುಳ್ಳು, ಬೇಧಿ, ಕಾಲು ಸೆಳೆತ ತಡೀಲಾರ್ದೆ ರಾತ್ರಿಯೆಲ್ಲ ಗೋಡೆಗೆ ಒದೀತಿದ್ರು. ಅತ್ತೆ ಡೆಂಗ್ಯೂ ಅಂತ ಸಲೈನ್ ಹಾಕ್ಸಿದ್ರು. ಆಗ ನಾನು ಡಬ್ಬ ತಿರುಗಿಸಿ ಓದಿದ್ದು.

ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ವಿ, ಅಲ್ಲಿ ಅಡಿಕ್ಷನ್‌ಗೇ ಬೇರೆ ವಿಭಾಗ ಇದೆ, ಅದಕ್ಕೆ ಐದಕ್ಕೆ ಐದು ಕೊಡ್ತೀನಿ. ಯಾರೂ ಬೈಲಿಲ್ಲ. ಅಫೀಮು ಬಿಟ್ಟಾಗಿನ ಒದ್ದಾಟ ತಡೆಯೋಕೆ ನಾಲಿಗೆ ಕೆಳಗೆ ಇಟ್ಕೊಳ್ಳೋ ಬ್ಯುಪ್ರಿನಾರ್ಫಿನ್ ಅನ್ನೋ ಮಾತ್ರೆ ಶುರು ಮಾಡಿದ್ರು, ಎರಡೇ ದಿನಕ್ಕೆ ಮಾವ ಮನುಷ್ಯರಾದ್ರು. ಡಾಕ್ಟರು ಒಂದು ಮಾತು ಮಾತ್ರ ಎರಡೆರಡು ಸಲ ಹೇಳಿದ್ರು, ಹಠಕ್ಕೆ ಬಿದ್ದು ಪೂರ್ತಿ ಬಿಟ್ಟು ಕೆಲವು ವಾರ ಆದ್ಮೇಲೆ ಯಾವತ್ತೋ ಒಂದಿನ ಹಳೇ ಲೆಕ್ಕದಲ್ಲೇ ತಗೋಬೇಡಿ, ಅಷ್ಟೊತ್ತಿಗೆ ಮೈಗೆ ತಡ್ಕೊಳ್ಳೋ ಶಕ್ತಿ ಹೋಗಿರುತ್ತೆ, ಮೆದುಳು ಉಸಿರಾಡ್ಸೋದನ್ನೇ ನಿಧಾನ ಮಾಡಿ ನಿಲ್ಲಿಸಿಬಿಡುತ್ತೆ, ಜೊತೆಗೆ ಎಣ್ಣೆ ಹಾಕಿದ್ರಂತೂ ಮುಗೀತು. ಮಾವ ತಲೆ ತಗ್ಗಿಸ್ಕೊಂಡು ಕೂತ್ರು. ಆಮೇಲೆ ಆಟೋದಲ್ಲಿ ಹೇಳಿದ್ರು, ಅವ್ರಿಗೆ ಮೊದಲ ಮಾತ್ರೆ ಕೊಟ್ಟ ಡ್ರೈವರ್ ಹಂಗೇ ಹೋಗಿದ್ದು. ಮಾತ್ರೆ ಸಾಲ್ದೆ ಅಫೀಮಿಗೇ ಇಳಿದಿದ್ನಂತೆ, ಮನೆಯವ್ರು ಒಂದು ತಿಂಗ್ಳು ರೂಮಲ್ಲಿ ಕೂಡಿ ಹಾಕಿ ಬಿಡ್ಸಿದ್ರಂತೆ, ಹೊರಗೆ ಬಂದ ಮೊದಲ ಟ್ರಿಪ್ಪಲ್ಲೇ ಕುಡಿದು ಹಳೇ ಅಳತೇಲಿ ತಗೊಂಡು ಕ್ಯಾಬಿನ್ನಲ್ಲಿ ಮಲಗಿದ್ದಾನೆ. ಜೋರು ಗೊರಕೆ ಹೊಡೀತಿದ್ದ ಅಂತ ಕ್ಲೀನರ್ ಎಬ್ಬಿಸ್ಲಿಲ್ಲ. ಆ ಗೊರಕೇನೇ ಉಸಿರು ನಿಲ್ತಿರೋದರ ಸಿಗ್ನಲ್ಲಂತೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿದ್ದು, ತುಟಿ ನೀಲಿಗಟ್ಟಿ, ಕರೆದ್ರೆ ಓಗೊಡ್ದಿದ್ರೆ ಮಲಗ್ಲಿ ಬಿಡು ಅನ್ಬೇಡಿ, ಪಕ್ಕಕ್ಕೆ ಹೊರಳಿಸಿ 108ಕ್ಕೆ ಹೊಡೀರಿ, ನಲಾಕ್ಸೋನ್ ಅಂತ ಔಷಧಿ ಇದೆ, ಟೈಮಿಗೆ ಸಿಕ್ರೆ ನಿಮಿಷಗಳಲ್ಲಿ ಉಸಿರು ವಾಪಸ್ ಬರುತ್ತೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ, 2019ರಲ್ಲಿ ಬಂದ ಏಮ್ಸ್‌ನವ್ರ ಸರ್ವೇಲಿ ದೇಶದಲ್ಲಿ ಅಫೀಮು, ಹೆರಾಯಿನ್, ಅಫೀಮಿನ ಥರದ ನೋವಿನ ಔಷಧಿ ಎಲ್ಲ ಸೇರಿ ತಗೊಳ್ಳೋರು 2.26 ಕೋಟಿ ಜನ ಅಂತಿದೆ.

ಈಗಾಗ್ಲೇ ತಿಂತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದೇ ಏಟಿಗೆ ನಿಲ್ಲಿಸೋಕೆ ಹೋಗ್ಬೇಡಿ, 14446ಕ್ಕೆ ಫೋನ್ ಮಾಡಿ, ಚಟ ಬಿಡೋರಿಗೆ ಅಂತ ಇರೋ ಸರ್ಕಾರದ ಸಹಾಯವಾಣಿ, ಫ್ರೀ ನಂಬರ್ರು.

ಪ್ಯಾಕಿಂಗ್ ಚೆನ್ನಾಗಿತ್ತು. ಡೆಲಿವರಿ ಹಿರಿಯೂರಿಗೂ ಎರಡೇ ದಿನ. ಎಂಟು ತಿಂಗ್ಳಲ್ಲಿ ಒಂದ್ಸಲಾನೂ ಯಾರೂ ಡಾಕ್ಟರ್ ಚೀಟಿ ಕೇಳ್ಲಿಲ್ಲ.