ಆಗ್ನೇಯ ಏಷ್ಯಾ ಅಧ್ಯಯನದ ಎಂ.ಎ.ಗೆ ಅರ್ಜಿ ಹಾಕುವ ಮುಂಚೆ ಇದನ್ನು ಓದಿ

ಡೆಪಾಸಿಟ್ ಎಂದು 500 ಡಾಲರ್ ಕಟ್ಟಿ ಹನ್ನೊಂದು ದಿನ ಆಗಿತ್ತು. ಆಗ ಗೊತ್ತಾಯಿತು, ನಾನು ಯಾವ ಭಾಷೆಗಾಗಿ ಅಷ್ಟು ದೂರ ಹೊರಟಿದ್ದೆನೋ ಆ ಬರ್ಮೀಸ್ ಭಾಷೆಯನ್ನು ಸೀಟು ಕೊಟ್ಟಿದ್ದ ಅಮೆರಿಕದ ಯೂನಿವರ್ಸಿಟಿಯಲ್ಲಿ ಆ ವರ್ಷ ಕಲಿಸುವುದೇ ಇಲ್ಲ ಎಂದು. ದುಡ್ಡು ವಾಪಸ್ ಬರಲಿಲ್ಲ. ಒಂದು ವರ್ಷವೂ ಹೋಯಿತು. ನಿಮಗೆ ಹೀಗಾಗಬಾರದು ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನನ್ನ ಆಸೆ ಶುರುವಾಗಿದ್ದು ಒಂದು ಕಲ್ಲಿನಿಂದ. ಬರ್ಮಾದ (ಈಗ ಮ್ಯಾನ್ಮಾರ್ ಎನ್ನುತ್ತಾರೆ) ಬಗಾನ್ ಎಂಬ ಹಳೆಯ ಊರಿನ ಹತ್ತಿರ ಮ್ಯಜೇದಿ ಶಾಸನ ಅಂತ ಇದೆ. ಸುಮಾರು 1113ರದ್ದು. ಕ್ಯಾನ್ಸಿತ್ತ ಎಂಬ ರಾಜ ಹಾಸಿಗೆ ಹಿಡಿದಾಗ ಅವನ ಮಗ ಚಿನ್ನದ ಬುದ್ಧನ ಮೂರ್ತಿ ಮಾಡಿಸಿದ ಕತೆ ಅದರಲ್ಲಿದೆ. ಕಂಬದ ನಾಲ್ಕು ಮುಖಗಳಲ್ಲಿ ನಾಲ್ಕು ಭಾಷೆ: ಪಾಳಿ, ಮೋನ್, ಪ್ಯೂ, ಹಳೆಯ ಬರ್ಮೀಸ್. ಯಾರೂ ಮಾತಾಡದೆ ಸತ್ತುಹೋಗಿದ್ದ ಪ್ಯೂ ಭಾಷೆಯನ್ನು ವಿದ್ವಾಂಸರು ಓದಲು ದಾರಿ ಮಾಡಿಕೊಟ್ಟಿದ್ದು ಈ ಕಲ್ಲೇ. ಅದರ ಫೋಟೋ ನೋಡಿದ ದಿನವೇ ನಾನು ಓದಬೇಕಾದದ್ದು ಇದನ್ನು ಎಂದು ನಿಶ್ಚಯ ಮಾಡಿಕೊಂಡೆ. ಆಸೆಯಲ್ಲಿ ತಪ್ಪಿರಲಿಲ್ಲ. ಅರ್ಜಿ ಹಾಕಿದ ರೀತಿ ಪೂರ್ತಿ ತಪ್ಪಾಗಿತ್ತು.

ಮೊದಲನೇ ತಪ್ಪು, ಕನ್ಸಲ್ಟೆನ್ಸಿಗೆ ಹೋದದ್ದು. "ನೀವು ಮಾರ್ಕ್ಸ್ ಕಾರ್ಡ್ ಕಳಿಸಿ ಸಾಕು ಮೇಡಂ, ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ" ಎಂದರು. ಎಂಜಿನಿಯರಿಂಗ್, ಎಂಬಿಎ ಅರ್ಜಿಗಳಿಗೆ ಅವರು ಸರಿ ಇರಬಹುದು. ಈ ವಿಷಯ ಕಲಿಸುವ ಜಾಗಗಳು ಜಗತ್ತಿನಲ್ಲೇ ಕಡಿಮೆ, ಒಂದೊಂದರ ಸ್ವಭಾವವೂ ಬೇರೆ. ಅವರು ಒಟ್ಟಾರೆ ರ‍್ಯಾಂಕಿಂಗ್ ಪಟ್ಟಿ ನೋಡಿ ನಾಲ್ಕು ಯೂನಿವರ್ಸಿಟಿ ಆರಿಸಿದರು. ಬರ್ಮಾದ ಬಗ್ಗೆ ಎಲ್ಲಿ ಕೆಲಸ ನಡೆಯುತ್ತದೆ ಎಂದು ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಬರ್ಮಾ ಅಧ್ಯಯನಕ್ಕೇ ಒಂದು ಕೇಂದ್ರ ಇಟ್ಟುಕೊಂಡಿರುವ ನಾರ್ದರ್ನ್ ಇಲಿನಾಯ್ ಯೂನಿವರ್ಸಿಟಿ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಒಟ್ಟಾರೆ ರ‍್ಯಾಂಕಿಂಗಿಗೂ ನಮ್ಮ ವಿಷಯಕ್ಕೂ ಸಂಬಂಧವೇ ಇಲ್ಲ ಅಂತ ಈಗ ಅರ್ಥವಾಗಿದೆ.

ಈ ವಿಷಯವನ್ನು ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಬರೆಯುವ ಪತ್ರಕ್ಕೆ ಎಸ್‌ಒಪಿ ಎನ್ನುತ್ತಾರೆ. ಕನ್ಸಲ್ಟೆನ್ಸಿಯವರೇ ತಿದ್ದಿದ ಎಸ್‌ಒಪಿಯಲ್ಲಿ ಆಗ್ನೇಯ ಏಷ್ಯಾ ಎಂದಿರಬೇಕಾದ ಎರಡು ಕಡೆ ದಕ್ಷಿಣ ಏಷ್ಯಾ ಎಂದು ಬಿದ್ದಿತ್ತು. ಇದು ಸಣ್ಣ ವಿಷಯ ಅಲ್ಲ. ಅಮೆರಿಕದ ಕಾರ್ನೆಲ್, ವಿಸ್ಕಾನ್ಸಿನ್ ಯೂನಿವರ್ಸಿಟಿಗಳಂಥ ಕಡೆ ಈ ಎರಡಕ್ಕೂ ಬೇರೆ ಬೇರೆ ಕೇಂದ್ರಗಳೇ ಇವೆ. ಓದುವವರಿಗೆ ಅಲ್ಲೇ ಗೊತ್ತಾಗುತ್ತದೆ, ಈ ಹುಡುಗಿ ತನ್ನ ಪತ್ರವನ್ನೂ ಸರಿಯಾಗಿ ಓದಿಕೊಂಡಿಲ್ಲ ಎಂದು. ಕಳಿಸುವ ಮುಂಚೆ ನಾನು ಕೊನೆಯ ಪ್ರತಿ ಓದಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಎಸ್‌ಒಪಿಯ ವಾದ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ತುಂಬ ಜನ ಇದೇ ಬರೆಯುತ್ತೇವೆ. ಕಾಂಬೋಡಿಯಾದ ಅಂಗ್‌ಕೋರ್, ಇಂಡೋನೇಷ್ಯಾದ ಬೊರೊಬುದೂರ್, ಬಗಾನ್ ಎಲ್ಲವೂ ಭಾರತದಿಂದ ಹೋದ ಸಂಸ್ಕೃತಿ, ಆ ಗುರುತುಗಳನ್ನು ಹುಡುಕುವುದೇ ನನ್ನ ಗುರಿ ಅಂತ. ಓದಲು ಹೆಮ್ಮೆ ಅನ್ನಿಸುತ್ತದೆ. ಆದರೆ ಇದು ನೂರು ವರ್ಷ ಹಳೆಯ ಮಾತು. 1926ರಲ್ಲಿ ಕಲ್ಕತ್ತೆಯಲ್ಲಿ ಬೃಹತ್ತರ ಭಾರತ ಎಂಬ ಹೆಸರಿನಲ್ಲೇ ಒಂದು ಸಂಘ ಹುಟ್ಟಿತ್ತು, ಅಲ್ಲಿಯ ವಿದ್ವಾಂಸರು ಆ ದೇಶಗಳನ್ನು ಭಾರತದ ವಸಾಹತುಗಳು ಎಂದೇ ಬರೆದರು. ಡಚ್ ವಿದ್ವಾಂಸ ಯಾಕೋಬ್ ಫಾನ್ ಲ್ಯೂರ್ 1934ರಲ್ಲೇ ಇದನ್ನು ಪ್ರಶ್ನಿಸಿದ. ಅಲ್ಲಿನ ರಾಜರೇ ತಮಗೆ ಬೇಕಾದದ್ದನ್ನು ಭಾರತದಿಂದ ತರಿಸಿಕೊಂಡರು ಎಂಬುದು ಅವನ ವಾದ. ಮುಂದೆ ಕಾರ್ನೆಲ್‌ನ ಓ. ಡಬ್ಲ್ಯು. ವೋಲ್ಟರ್ಸ್ ಹೊರಗಿನಿಂದ ಬಂದದ್ದನ್ನು ಅಲ್ಲಿಯ ಜನ ಹೇಗೆ ತಮ್ಮದು ಮಾಡಿಕೊಂಡರು ಎಂಬುದನ್ನು ಮುಂದಿಟ್ಟರು. ಇವತ್ತು ಈ ವಿಭಾಗಗಳಲ್ಲಿ ಪಾಠ ಮಾಡುವವರು ಇದನ್ನೆಲ್ಲ ಓದಿ ಬೆಳೆದವರು. ಅವರ ಮುಂದೆ 1926ರ ವಾದ ಇಟ್ಟರೆ ಏನಾಗುತ್ತದೆ ಹೇಳಿ?

ಮೂರು ಕಡೆ ಸೀಟು ಸಿಗಲಿಲ್ಲ. ಒಂದು ಕಡೆಯ ಪ್ರೊಫೆಸರ್ ಒಬ್ಬರಿಗೆ ಕಾರಣ ಕೇಳಿ ಬರೆದೆ. ಅವರು ದೊಡ್ಡ ಮನಸ್ಸಿನಿಂದ ಉತ್ತರ ಕೊಟ್ಟರು. ನಿಮ್ಮ ಶಾಸನದಲ್ಲಿ ನಾಲ್ಕು ಭಾಷೆ ಇವೆ, ನಿಮ್ಮ ಪತ್ರದಲ್ಲಿ ಒಂದರ, ಭಾರತದಿಂದ ಹೋದ ಪಾಳಿಯ ಬಗ್ಗೆ ಮಾತ್ರ ಇದೆ, ಮಿಕ್ಕ ಮೂರು ಭಾಷೆ ಆಡುತ್ತಿದ್ದ ಜನ ಎಲ್ಲಿ ಹೋದರು ಎಂದು ಕೇಳಿದ್ದರು. ಆ ಸಾಲು ಓದಿ ಅತ್ತುಬಿಟ್ಟೆ. ನಾನು ಮೆಚ್ಚಿದ್ದ ಕಲ್ಲನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ನಾಲ್ಕನೇ ಕಡೆ ಸೀಟು ಸಿಕ್ಕಿತು. ಹೆಸರು ಹೇಳುವುದಿಲ್ಲ. ಫಂಡಿಂಗ್ ಇಲ್ಲದ ಸೀಟು. ಎರಡು ವಾರದೊಳಗೆ ಡೆಪಾಸಿಟ್ ಕಟ್ಟಿ ಎಂದರು, ಕಟ್ಟಿದೆ. ಆಮೇಲೆ ಬರ್ಮೀಸ್ ಯಾವ ಹಂತದಿಂದ ಶುರು ಮಾಡಲಿ ಎಂದು ಕೇಳಿ ಭಾಷಾ ವಿಭಾಗಕ್ಕೆ ಬರೆದೆ. ವಿದ್ಯಾರ್ಥಿಗಳು ಸಾಲದೆ ಆ ವರ್ಷ ಬರ್ಮೀಸ್ ತರಗತಿ ಇಲ್ಲ, ಥಾಯ್ ತೆಗೆದುಕೊಳ್ಳಿ ಎಂದರು. ಕೋರ್ಸ್ ಪಟ್ಟಿಯಲ್ಲಿ ಮಾತ್ರ ಅದು ಹಾಗೇ ಇತ್ತು. ಯಾರ ಕೈಕೆಳಗೆ ಓದಬೇಕು ಅಂದುಕೊಂಡಿದ್ದೆನೋ ಅವರಿಗೂ ಬರೆದೆ. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಹೆಸರಿನ ಮುಂದೆ ಎಮೆರಿಟಸ್ ಎಂದಿದ್ದನ್ನು ನಾನು ದೊಡ್ಡ ಪದವಿ ಅಂದುಕೊಂಡಿದ್ದೆ. ಎಮೆರಿಟಸ್ ಎಂದಿದ್ದರೆ ನಿವೃತ್ತರು ಎಂದರ್ಥ, ಸಾಮಾನ್ಯವಾಗಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ.

ದಯವಿಟ್ಟು ಭಾಷೆಯ ಲೆಕ್ಕ ಮೊದಲೇ ಹಾಕಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಅವರ ಅಂದಾಜಿನಲ್ಲಿ ಇಂಡೋನೇಷ್ಯನ್, ಮಲಯ್ ಭಾಷೆಗಳಿಗೆ ಸುಮಾರು 800ರಿಂದ 900 ಗಂಟೆ ಪಾಠ ಬೇಕು. ಬರ್ಮೀಸ್, ಥಾಯ್, ಖ್ಮೇರ್, ವಿಯೆಟ್ನಾಮೀಸ್‌ಗೆ 1000ದಿಂದ 1100 ಗಂಟೆ. ವಾರಕ್ಕೆ ಐದು ಗಂಟೆಯಂತೆ ವರ್ಷಕ್ಕೆ 30 ವಾರ ಪಾಠ ನಡೆದರೂ ಎರಡು ವರ್ಷಕ್ಕೆ ಆಗುವುದು 300 ಗಂಟೆ. ಬ್ರಿಟನ್ನಿನ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಅಲ್ಲಿ ಅಆಇಈಯಿಂದ ಶುರು ಮಾಡಿ ಮೂಲ ಶಾಸನ ಓದುತ್ತೇನೆ ಅಂದುಕೊಳ್ಳಬೇಡಿ. ಸ್ವಲ್ಪವಾದರೂ ಮುಂಚೆಯೇ ಕಲಿತು ಹೋಗಿ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಬೇಸಿಗೆಯಲ್ಲಿ ಎಂಟು ವಾರದ ಸೀಸಿ ಎಂಬ ಶಿಬಿರ ನಡೆಯುತ್ತದೆ, ಒಂದು ವರ್ಷದ ಭಾಷಾ ಪಾಠವನ್ನು ಎಂಟು ವಾರಕ್ಕೆ ಇಳಿಸಿ ಕಲಿಸುತ್ತಾರೆ. ಬರ್ಮೀಸ್ ಕಲಿಸಲು ಯಾರಿದ್ದಾರೆ, ಎರಡನೇ ವರ್ಷದ ತರಗತಿ ನಡೆಯುತ್ತದೆಯೇ, ಕನಿಷ್ಠ ಎಷ್ಟು ಜನ ಸೇರಬೇಕು ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ದುಡ್ಡಿನ ವಿಷಯದಲ್ಲೂ ಎಡವಿದೆ. ನಾನು ಅರ್ಜಿ ಹಾಕಿದಾಗ ಅಮೆರಿಕದಲ್ಲಿ ಈ ಭಾಷೆಗಳನ್ನು ಕಲಿಯುವವರಿಗೆ ಫ್ಲಾಸ್ ಎಂಬ ಸರ್ಕಾರಿ ಫೆಲೋಶಿಪ್ ಇತ್ತು, ಅದರ ಬೇರು 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಲ್ಲಿದೆ. ಅದು ಸಿಗುತ್ತದೆ ಎಂದು ಕನ್ಸಲ್ಟೆನ್ಸಿಯವರು ಹೇಳಿದರು, ನಂಬಿದೆ. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಅಲ್ಲಿ ಕಾಯಂ ನೆಲೆಸಲು ಅನುಮತಿ ಇರುವವರಿಗೆ ಮಾತ್ರ ಇತ್ತು. ಹೊರದೇಶದ ನಮಗೆ ಇರಲಿಲ್ಲ. ಮೊದಲ ವರ್ಷದ ಖರ್ಚಿಗೆ ದುಡ್ಡಿದೆ ಎಂದು ತೋರಿಸದೆ ಯೂನಿವರ್ಸಿಟಿಯವರು ವೀಸಾಗೆ ಬೇಕಾದ ಐ-20 ಎಂಬ ಪತ್ರ ಕೊಡುವುದೇ ಇಲ್ಲ ಎಂಬುದೂ ನನಗೆ ತಡವಾಗಿ ತಿಳಿಯಿತು. ಅಪ್ಪ ಸಾಲಕ್ಕೆ ಓಡಾಡಲು ಶುರು ಮಾಡಿದ್ದರು. ಆಗಲೇ ನಾನು ಬೇಡ ಎಂದು ನಿಲ್ಲಿಸಿದ್ದು.

ಇನ್ನೊಂದು ಮಾತು, ಬರ್ಮಾ ಆರಿಸಿಕೊಳ್ಳುವವರಿಗೆ. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಒಳಗೆ ಹೋಗಿ ಕ್ಷೇತ್ರಕಾರ್ಯ ಮಾಡುವುದು ತುಂಬ ಕಷ್ಟ. ನಿಮಗಷ್ಟೇ ಅಲ್ಲ, ನಿಮ್ಮ ಜೊತೆ ಮಾತಾಡುವ ಅಲ್ಲಿನ ಜನರಿಗೂ ಅಪಾಯ. ನನ್ನ ಅರ್ಜಿಯಲ್ಲಿ ಆರು ತಿಂಗಳು ಬಗಾನ್‌ನಲ್ಲಿ ಇರುತ್ತೇನೆ ಎಂದು ಬರೆದಿತ್ತು. ಆ ಸಾಲು ಓದಿದವರು ನನ್ನನ್ನು ಹೇಗೆ ನಂಬಬೇಕು? ಹೊರಗೆ ಕೂತು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು, ಆ ಕಾಲದ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಾರ್ನೆಲ್‌ನ ಎಕೋಲ್ಸ್ ಗ್ರಂಥ ಸಂಗ್ರಹ ಆಗ್ನೇಯ ಏಷ್ಯಾಕ್ಕೇ ಮೀಸಲು. ಥಾಯ್ಲೆಂಡಿನ ಮೇ ಸೋಟ್‌ನಲ್ಲಿ ಗಡಿ ದಾಟಿ ಬಂದ ಬರ್ಮಾದ ಜನ ತುಂಬ ಇದ್ದಾರೆ. ನಿಮ್ಮ ಪ್ರಶ್ನೆಗೆ ಯಾವುದು ಹೊಂದುತ್ತದೆ ಎಂದು ಅರ್ಜಿಯಲ್ಲೇ ಬರೆಯಿರಿ.

ರೆಕಮೆಂಡೇಶನ್ ಲೆಟರ್‌ಗೆ ದೊಡ್ಡ ಹುದ್ದೆಯವರನ್ನು ಹುಡುಕಬೇಡಿ, ನಿಮ್ಮ ಬರಹ ಓದಿದವರನ್ನು ಕೇಳಿ. ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕಗಳು ಎರಡು ವರ್ಷಕ್ಕೆ ಮಾತ್ರ ನಡೆಯುತ್ತವೆ. ಇದನ್ನು ಮರೆತು ನಾನು ಈ ಸಲ ಮತ್ತೆ ಪರೀಕ್ಷೆ ಕಟ್ಟಬೇಕಾಯಿತು.

ಹೌದು, ಈ ಸಲ ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಕನ್ಸಲ್ಟೆನ್ಸಿ ಇಲ್ಲ. ಫೀ ಕಟ್ಟುವ ಮುಂಚೆ ಆರು ಪ್ರೊಫೆಸರ್‌ಗಳಿಗೆ ಇಮೇಲ್ ಬರೆದೆ. ಚಿಕ್ಕದಾಗಿ, ಮೂರೇ ಪ್ರಶ್ನೆ: ನೀವು ಮುಂದಿನ ವರ್ಷ ಅಲ್ಲಿರುತ್ತೀರಾ, ಬರ್ಮೀಸ್ ತರಗತಿ ನಡೆಯುತ್ತದೆಯೇ, ಹೊರದೇಶದವರಿಗೆ ಫಂಡಿಂಗ್ ಇದೆಯೇ. ನಾಲ್ವರು ಉತ್ತರ ಕೊಟ್ಟರು. ಇಬ್ಬರು ನೇರವಾಗಿ ಇಲ್ಲ ಎಂದರು, ಅಲ್ಲಿಗೆ ಅರ್ಜಿ ಕಳಿಸಲಿಲ್ಲ. ಇನ್ನಿಬ್ಬರಲ್ಲಿ ಒಬ್ಬರು ಶಾಸನದ ಮೋನ್ ಭಾಷೆಯ ಮುಖದ ಬಗ್ಗೆ ಓದಲು ಎರಡು ಲೇಖನ ಕಳಿಸಿದ್ದಾರೆ. ಅವನ್ನು ಓದಿ ಮುಗಿಸಿ, ಎಸ್‌ಒಪಿಯನ್ನು ಮೊದಲ ಸಾಲಿನಿಂದ ಮತ್ತೆ ಬರೆಯುತ್ತಿದ್ದೇನೆ.