ಡಾಲರ್ ನಾಣ್ಯ ದಿನಬಳಕೆಗೆ ಒದಗುತ್ತದೆಯೇ? ಒಂದು ಬಳಕೆಯ ವಿಮರ್ಶೆ

ಅಮೆರಿಕದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರಲ್ಲೂ ಒಂದು ಡಾಲರಿನ ನಾಣ್ಯವನ್ನು ಕೊಟ್ಟು ಸಾಮಾನು ಕೊಂಡವರು ವಿರಳ. ಎಲ್ಲಿಯಾದರೂ ಕೈಗೆ ಬಂದರೆ ಅದನ್ನು ನೆನಪಿನ ವಸ್ತುವೆಂದು ಡಬ್ಬಿಯಲ್ಲಿ ಎತ್ತಿಡುವುದೇ ಹೆಚ್ಚು. ಆದರೆ ಇದು ಸರ್ಕಾರಿ ಟಂಕಸಾಲೆಯಲ್ಲಿ ಅಚ್ಚಾದ, ಒಂದು ಡಾಲರ್ ನೋಟಿಗೆ ಎಲ್ಲ ರೀತಿಯಲ್ಲೂ ಸಮನಾದ ಹಣ. ನ್ಯೂಜೆರ್ಸಿಯಲ್ಲಿ ವಾಸವಾಗಿರುವ ನಾನು ಕೆಲವು ತಿಂಗಳುಗಳಿಂದ ಸಣ್ಣ ಖರ್ಚುಗಳಿಗೆ ನೋಟಿನ ಬದಲು ಈ ನಾಣ್ಯವನ್ನೇ ಬಳಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ನಾಣ್ಯ ಒಳ್ಳೆಯದು. ಅದರ ಬಳಕೆಗೆ ಅಡ್ಡವಾಗಿರುವುದು ಅದರ ಜೊತೆಯಲ್ಲೇ ಚಲಾವಣೆಯಲ್ಲಿ ಉಳಿದಿರುವ ಕಾಗದದ ನೋಟು.

ಬ್ಯಾಂಕಿನಲ್ಲಿ ಕೇಳಿದರೆ 25 ನಾಣ್ಯಗಳ ಸುರುಳಿಯಾಗಿ ಇದು ಸಿಗುತ್ತದೆ. ಕೌಂಟರಿನಲ್ಲಿ ಇಲ್ಲದಿದ್ದರೆ ಮುಂಚಿತವಾಗಿ ಹೇಳಿ ತರಿಸಿಕೊಳ್ಳಬೇಕಾಗುತ್ತದೆ. ಒಂದೇ ಸುರುಳಿಯೊಳಗೆ ಬೇರೆ ಬೇರೆ ಕಾಲದ ನಾಣ್ಯಗಳು ಬೆರೆತಿರುವುದುಂಟು, ಮತ್ತು ಅವೆಲ್ಲ ಒಂದೇ ಗುಣದವಲ್ಲ.

ಅವುಗಳಲ್ಲಿ ಕಳಪೆಯಾದುದು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥೋನಿಯವರ ಚಿತ್ರವಿರುವ ನಾಣ್ಯ. ಅಂಥ ಹಿರಿಯರ ಗೌರವಾರ್ಥ 1979ರಲ್ಲಿ ಹೊರಬಂದ ನಾಣ್ಯ ಇನ್ನಷ್ಟು ಎಚ್ಚರದಿಂದ ರೂಪುಗೊಳ್ಳಬೇಕಿತ್ತು ಎಂಬುದು ನನ್ನ ನಿಜವಾದ ಬೇಸರ. ಇದರ ವ್ಯಾಸ 26.5 ಮಿಲಿಮೀಟರ್, ಕಾಲು ಡಾಲರಿನ ಕ್ವಾರ್ಟರ್ ನಾಣ್ಯದ್ದು 24.26 ಮಿಲಿಮೀಟರ್. ಎರಡಕ್ಕೂ ಅದೇ ಬೆಳ್ಳಿ ಬಣ್ಣ, ಅದೇ ಗೀರು ಗೀರಾದ ಅಂಚು. ಹನ್ನೊಂದು ಮೂಲೆಗಳ ನಾಣ್ಯ ಮಾಡುವ ಆಲೋಚನೆ ಆರಂಭದಲ್ಲಿತ್ತಾದರೂ ಮಾರಾಟ ಯಂತ್ರಗಳಿಗೆ ಅದು ಹೊಂದುವುದಿಲ್ಲವೆಂಬ ಆಕ್ಷೇಪ ಬಂದದ್ದರಿಂದ ನಾಣ್ಯವನ್ನು ದುಂಡಗೇ ಬಿಟ್ಟು, ಒಳಗಡೆ ಹನ್ನೊಂದು ಬಾಹುಗಳ ಚೌಕಟ್ಟೊಂದನ್ನು ಮಾತ್ರ ಕೆತ್ತಲಾಯಿತು. ಜೇಬಿನೊಳಗೆ ತಡಕಾಡುವ ಬೆರಳಿಗೆ ಆ ಚೌಕಟ್ಟಿನಿಂದ ಯಾವ ಪ್ರಯೋಜನವೂ ಇಲ್ಲ. ಡಾಲರನ್ನು ಕಾಲು ಡಾಲರೆಂದು ಕೊಟ್ಟುಬಿಡುವ ಭಯವಿದ್ದಾಗ ಜನ ಅದನ್ನು ದೂರವಿಟ್ಟದ್ದು ಸಹಜವೇ.

2000ದಲ್ಲಿ ಬಂದ ಸಕಾಗವಿಯಾ ನಾಣ್ಯ ಈ ದೋಷವನ್ನು ತಿದ್ದಿತು. ಲೂಯಿಸ್ ಮತ್ತು ಕ್ಲಾರ್ಕ್ ಅವರ ಅನ್ವೇಷಣಾ ಯಾತ್ರೆಯೊಡನೆ ನಡೆದ ಶೊಶೋನಿ ಎಂಬ ಮೂಲನಿವಾಸಿ ಜನಾಂಗದ ತರುಣಿ, ಬೆನ್ನಿಗೆ ಕಟ್ಟಿಕೊಂಡ ಹಸುಗೂಸಿನೊಂದಿಗೆ, ಹೆಗಲ ಮೇಲಿಂದ ನಮ್ಮತ್ತ ತಿರುಗಿ ನೋಡುತ್ತಿರುವ ಈ ಚಿತ್ರವನ್ನು ರೂಪಿಸಿದವರು ಶಿಲ್ಪಿ ಗ್ಲೆನ್ನಾ ಗುಡೇಕರ್. ಅಮೆರಿಕದ ಚಿಲ್ಲರೆ ಹಣದಲ್ಲಿ ಇಷ್ಟು ಜೀವಂತವಾದ ಮುಖವನ್ನು ನಾನು ಬೇರೆ ಕಂಡಿಲ್ಲ. ತಾಮ್ರದ ತಿರುಳಿನ ಎರಡೂ ಬದಿಗೆ ಮ್ಯಾಂಗನೀಸ್ ಬೆರೆತ ಹಿತ್ತಾಳೆಯ ಹೊದಿಕೆಯಿರುವುದರಿಂದ ಇದಕ್ಕೆ ಚಿನ್ನದ ಬಣ್ಣ ಬಂದಿದೆ, ಅಂಚು ನುಣುಪಾಗಿದೆ. ಕತ್ತಲಲ್ಲೂ ಬೆರಳಿನಿಂದಲೇ ಗುರುತು ಹಿಡಿಯಬಹುದು. ಗಾತ್ರ, 8.1 ಗ್ರಾಂ ತೂಕ ಮತ್ತು ಯಂತ್ರಗಳು ಪರೀಕ್ಷಿಸುವ ವಿದ್ಯುತ್ ಗುಣಗಳನ್ನು ಹಳೆಯ ಆಂಥೋನಿ ನಾಣ್ಯಕ್ಕೆ ಸರಿಹೊಂದಿಸಿದ್ದರಿಂದ, ಅದನ್ನು ಸ್ವೀಕರಿಸುತ್ತಿದ್ದ ಯಂತ್ರಗಳು ಇದನ್ನೂ ಸ್ವೀಕರಿಸಿದವು. ಒಂದೇ ಕೊರತೆಯೆಂದರೆ, ಹೊಳಪು ಬೇಗ ಮಾಸಿ ಕಂದು ಬಣ್ಣಕ್ಕೆ ತಿರುಗುತ್ತದೆ.

2007ರಿಂದ ವರ್ಷಕ್ಕೆ ನಾಲ್ವರಂತೆ ಮಾಜಿ ಅಧ್ಯಕ್ಷರ ನಾಣ್ಯಗಳೂ ಇದೇ ಲೋಹದಲ್ಲಿ, ಇದೇ ಗಾತ್ರದಲ್ಲಿ ಬಂದವು. ಇಸವಿಯನ್ನು ಅಂಚಿನ ಮೇಲೆ ಒತ್ತಿರುವುದರಿಂದ ಓದಲು ಕಷ್ಟವೆಂಬುದನ್ನು ಬಿಟ್ಟರೆ, ಖರ್ಚು ಮಾಡುವವರಿಗೆ ಇವೂ ಸಕಾಗವಿಯಾ ನಾಣ್ಯದಷ್ಟೇ ಅನುಕೂಲ. ಆದರೆ ಮುಖಗಳು ಹೆಚ್ಚಿದಷ್ಟೂ ಗುರುತು ಕಡಿಮೆಯಾಗುತ್ತದೆ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕೆ ಆದದ್ದನ್ನು ಕರ್ನಾಟಕದ ಓದುಗರು ಬಲ್ಲರು: ಬೇರೆ ಬೇರೆ ವಿನ್ಯಾಸಗಳನ್ನು ಕಂಡು ಅಂಗಡಿಯವರು ಖೋಟಾ ಎಂದು ನಿರಾಕರಿಸತೊಡಗಿದಾಗ, ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಇಲ್ಲಿ ನನಗೆ ಅಂಥ ವದಂತಿ ಎದುರಾಗಿಲ್ಲ; ಪರಿಚಯವಿಲ್ಲದ ಗೊಂದಲವಷ್ಟೇ ಇದೆ.

ಆ ಗೊಂದಲ ಹೆಚ್ಚಾಗಿ ಕಾಣುವುದು ದೊಡ್ಡ ದಿನಸಿ ಅಂಗಡಿಗಳ ಕೌಂಟರಿನಲ್ಲಿ. ಹರೆಯದ ಕ್ಯಾಷಿಯರುಗಳು ನಾಣ್ಯವನ್ನು ತಿರುವಿ ನೋಡಿ ಮೇಲಿನವರನ್ನು ಕರೆದು ಕೇಳುವುದುಂಟು. ಖಾಸಗಿ ಅಂಗಡಿಗಳು ಇಂಥದೇ ನಾಣ್ಯವನ್ನು ಸ್ವೀಕರಿಸಲೇಬೇಕೆಂದು ಫೆಡರಲ್ ಕಾನೂನು ಕಡ್ಡಾಯ ಮಾಡಿಲ್ಲವಾದ್ದರಿಂದ ಅಲ್ಲಿ ವಾದಕ್ಕಿಳಿಯುವುದು ಸರಿಯಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಇದಕ್ಕೆಂದು ಪ್ರತ್ಯೇಕ ಖಾನೆ ಇರುವುದೂ ಅಪರೂಪ, ಹಾಗಾಗಿ ಅವರು ಇದನ್ನು ನೋಟುಗಳ ಕೆಳಗೋ ಮೂಲೆಯಲ್ಲೋ ಇಟ್ಟು ಬ್ಯಾಂಕಿಗೆ ಕಳಿಸುತ್ತಾರೆ. ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಕೊಡುವುದಿಲ್ಲ. ನಾಣ್ಯದ ಓಟ ಅಲ್ಲಿಗೇ ನಿಲ್ಲುತ್ತದೆ. ರೈತರ ಸಂತೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಅನುಭವ: ಸೊಪ್ಪು, ಟೊಮೆಟೊ ಮಾರುವವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಒಮ್ಮೊಮ್ಮೆ ಮೊಮ್ಮಕ್ಕಳಿಗೆಂದು ಬೇರೆ ಎತ್ತಿಡುತ್ತಾರೆ.

ಯಂತ್ರಗಳ ಮಟ್ಟಿಗೆ ಇದು ನೋಟಿಗಿಂತ ಮೇಲು. ಮುದುಡಿದ ನೋಟನ್ನು ನೇರ ಮಾಡಿ ಮತ್ತೆ ಮತ್ತೆ ತೂರಿಸುವ ಕಷ್ಟ ಇಲ್ಲಿಲ್ಲ. ಫೆಡರಲ್ ನೆರವು ಪಡೆಯುವ ಸಾರಿಗೆ ಸಂಸ್ಥೆಗಳು ಡಾಲರ್ ನಾಣ್ಯವನ್ನು ಪಡೆಯಲೂ ಕೊಡಲೂ ಸಿದ್ಧವಿರಬೇಕೆಂದು 2005ರ ಕಾನೂನು ಹೇಳುತ್ತದೆ. ನ್ಯೂಯಾರ್ಕ್ ಸಬ್‌ವೇಯ ಮೆಟ್ರೋಕಾರ್ಡ್ ಯಂತ್ರಗಳು ಚಿಲ್ಲರೆಯಾಗಿ ಈ ನಾಣ್ಯಗಳನ್ನೇ ಕೊಡುತ್ತಿದ್ದವು. ತೂಕದ ದೂರೂ ಪೂರ್ಣ ಸತ್ಯವಲ್ಲ. ನೋಟಿನ ತೂಕ ಒಂದು ಗ್ರಾಂ ನಿಜ, ಆದರೆ ಪಾರ್ಕಿಂಗ್ ಮೀಟರಿಗೆಂದು ನಾಲ್ಕು ಕ್ವಾರ್ಟರುಗಳನ್ನು ಹೊತ್ತರೆ 22 ಗ್ರಾಂ ಮೀರುತ್ತದೆ. ಅದೇ ಬೆಲೆಯ ಈ ಒಂದು ನಾಣ್ಯ ಅದರ ಅರ್ಧಕ್ಕಿಂತ ಹಗುರ.

ನಮ್ಮವರಿಗೆ ಇದರಿಂದಾಗುವ ಇನ್ನೊಂದು ಉಪಯೋಗ ಮುಯ್ಯಿಯದು. ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ 51 ಅಥವಾ 101 ಡಾಲರ್ ಕೊಡುವಾಗ ಮೇಲಿನ ಆ ಒಂದಕ್ಕೆ ಹಳೆಯ ನೋಟನ್ನು ಮಡಚಿಡುವುದಕ್ಕಿಂತ ಚಿನ್ನದ ಬಣ್ಣದ ನಾಣ್ಯವನ್ನಿಡುವುದು ಎಷ್ಟೋ ಲಕ್ಷಣವಾಗಿ ಕಾಣುತ್ತದೆ. ಮಂಗಳಾರತಿ ತಟ್ಟೆಗೂ, ವರಮಹಾಲಕ್ಷ್ಮಿ ಪೂಜೆಯಲ್ಲಿ ಕಳಶದ ಮುಂದಿಡಲೂ ಅಷ್ಟೇ ಚೆನ್ನ. ಇದಕ್ಕೆಂದೇ ಹೊಳಪು ಮಾಸದ ಕೆಲವನ್ನು ನಾನು ಪ್ರತ್ಯೇಕವಾಗಿಡುತ್ತೇನೆ.

ಇಷ್ಟು ಗುಣವಿರುವ ನಾಣ್ಯ ಜನರ ಕೈಯಲ್ಲಿ ಏಕೆ ಓಡಾಡುವುದಿಲ್ಲ? ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು 1989ರಲ್ಲಿ ನೋಟನ್ನು ನಿಲ್ಲಿಸಿತು. ಬ್ರಿಟನ್ 1983ರಲ್ಲಿ ಪೌಂಡ್ ನಾಣ್ಯ ತಂದು 1988ರಲ್ಲಿ ನೋಟನ್ನು ಹಿಂದೆಗೆದುಕೊಂಡಿತು. ಎರಡೂ ಕಡೆ ನಾಣ್ಯ ನೆಲೆಯೂರಿತು. ಅಮೆರಿಕ ಮಾತ್ರ ನೋಟನ್ನು ಮುಟ್ಟದೆ ನಾಣ್ಯವನ್ನಷ್ಟೇ ಹೆಚ್ಚಿಸುತ್ತ ಹೋಯಿತು. ಟಂಕಸಾಲೆ ಮನೆಬಾಗಿಲಿಗೇ ನಾಣ್ಯ ಕಳಿಸುವ ಯೋಜನೆ ಮಾಡಿದಾಗ, ವಿಮಾನಯಾನದ ಪಾಯಿಂಟುಗಳಿಗಾಗಿ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ನೇರವಾಗಿ ಬ್ಯಾಂಕಿಗೆ ಜಮಾ ಮಾಡಿದವರೂ ಇದ್ದರು. ಕೊನೆಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ಭಂಡಾರಗಳಲ್ಲಿ ಸುಮಾರು 140 ಕೋಟಿ ನಾಣ್ಯಗಳು ಉಳಿದಿದ್ದಾಗ, 2011ರ ಡಿಸೆಂಬರಿನಲ್ಲಿ, ಅಧ್ಯಕ್ಷರ ನಾಣ್ಯಗಳನ್ನು ಚಲಾವಣೆಗೆಂದು ಅಚ್ಚುಹಾಕುವುದನ್ನು ಸರ್ಕಾರ ನಿಲ್ಲಿಸಿತು. ಸಂಗ್ರಾಹಕರಿಗಾಗಿ ಮಾತ್ರ ಮುಂದುವರಿಸಿತು. ಇದೇ ಸಕಾಗವಿಯಾ ನಾಣ್ಯ, 2000ದಲ್ಲಿ ಡಾಲರನ್ನೇ ತನ್ನ ಹಣವಾಗಿಸಿಕೊಂಡ ಈಕ್ವೆಡಾರಿನ ಪೇಟೆಗಳಲ್ಲಿ ಯಾವ ಅಡ್ಡಿಯೂ ಇಲ್ಲದೆ ಓಡಾಡುತ್ತಿದೆ. ತಪ್ಪು ಲೋಹದ್ದೂ ವಿನ್ಯಾಸದ್ದೂ ಅಲ್ಲವೆನ್ನಲು ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನೋಟನ್ನು ನಿಲ್ಲಿಸಿದರೆ ಸರ್ಕಾರಕ್ಕೆ ಉಳಿತಾಯವೆಂಬ ವಾದ ಮಾತ್ರ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲವೆಂಬುದನ್ನು ಹೇಳಲೇಬೇಕು. ಅದನ್ನು ಬಹುಕಾಲ ಬೆಂಬಲಿಸಿದ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆಯೇ, ನೋಟುಗಳು ಈಗ ಹೆಚ್ಚು ಬಾಳಿಕೆ ಬರುತ್ತಿರುವುದನ್ನು ಗಮನಿಸಿ, ಬದಲಾವಣೆಯಿಂದ ನಷ್ಟವಾಗಬಹುದೆಂದು 2019ರ ವರದಿಯಲ್ಲಿ ಅಂದಾಜಿಸಿತು. ಇತ್ತ 2025ರ ನವೆಂಬರಿನಲ್ಲಿ ಚಲಾವಣೆಯ ಪೆನ್ನಿಗಳ, ಅಂದರೆ ಒಂದು ಸೆಂಟಿನ ನಾಣ್ಯಗಳ, ಕೊನೆಯ ಕಂತು ಅಚ್ಚಾಗಿದೆ. ಗಲ್ಲಾಪೆಟ್ಟಿಗೆಯ ಆ ಖಾನೆ ಕ್ರಮೇಣ ಖಾಲಿಯಾಗಲಿರುವುದರಿಂದ, ಡಾಲರ್ ನಾಣ್ಯಕ್ಕೆ ಜಾಗವಿಲ್ಲವೆಂಬ ಅಂಗಡಿಯವರ ಹಳೆಯ ಆಕ್ಷೇಪಕ್ಕಾದರೂ ಉತ್ತರ ಸಿಗಬಹುದೆಂದು ನಾನು ಆಶಿಸುತ್ತೇನೆ.

ಬಳಸಿ ನೋಡಬೇಕೆನ್ನುವವರು ಮೊದಲು ಒಂದೇ ಸುರುಳಿ ತನ್ನಿ. ಚಿನ್ನದ ಬಣ್ಣದವನ್ನು ಜೇಬಿಗೆ ಹಾಕಿಕೊಂಡು, ಆಂಥೋನಿ ನಾಣ್ಯ ಬಂದಿದ್ದರೆ ಅದನ್ನು ಬ್ಯಾಂಕಿಗೇ ಮರಳಿಸಿ. ಅಂಗಡಿಯಲ್ಲಿ ಕೊಡುವಾಗ ಕ್ವಾರ್ಟರುಗಳ ಜೊತೆ ಬೆರೆಸದೆ, ಇವು ಒಂದೊಂದೂ ಒಂದು ಡಾಲರ್ ಎಂದು ಬಾಯಿಬಿಟ್ಟು ಹೇಳಿ ಕೊಟ್ಟರೆ ಎಣಿಕೆಯ ತಕರಾರು ಬರುವುದಿಲ್ಲ.