ಗೋದಾಮಿಗೆ ಡೆಲ್ಟಾಮೆಥ್ರಿನ್ 2.5 ಪುಡಿ: ಕೊಟ್ಟ ಕಾಸಿಗೆ ಕೆಲಸ ಮಾಡುತ್ತದೆಯೇ?

ಗೊಬ್ಬರದ ಅಂಗಡಿಯಲ್ಲಿ ಗೋದಾಮಿನ ಹುಳಕ್ಕೆ ಔಷಧ ಕೇಳಿದರೆ ಸಾಮಾನ್ಯವಾಗಿ ಎರಡರಲ್ಲೊಂದು ಕೈಗೆ ಬರುತ್ತದೆ: ಮೆಲಾಥಿಯಾನ್ 50 ಇಸಿ (ನೀರಿಗೆ ಬೆರೆಸುವ ದ್ರವ) ಬಾಟಲಿ, ಇಲ್ಲವೇ ಡೆಲ್ಟಾಮೆಥ್ರಿನ್ 2.5 ಡಬ್ಲ್ಯುಪಿ (ನೀರಿನಲ್ಲಿ ಕಲಸುವ) ಪುಡಿ. ಮೊದಲು ಡಿಡಿವಿಪಿ (ಡೈಕ್ಲೋರ್ವಾಸ್) ಎಂಬ ಕೀಟನಾಶಕವೂ ಸಿಗುತ್ತಿತ್ತು. 2020ರ ಡಿಸೆಂಬರ್ 31ರಿಂದ ಅದಕ್ಕೆ ನಿಷೇಧವಿದೆ. ಹಳೇ ದಾಸ್ತಾನು ಅಂತ ಯಾರಾದರೂ ಕೊಟ್ಟರೂ ಮುಟ್ಟಬೇಡಿ. ಉಳಿದೆರಡರಲ್ಲಿ ಪುಡಿಯೇ ಮೇಲು, ಅದರ ಕೆಲಸ ಎಲ್ಲಿಗೆ ನಿಲ್ಲುತ್ತದೆ ಅಂತ ಗೊತ್ತಿದ್ದವರಿಗೆ.

ಸರ್ಕಾರಿ ಉಗ್ರಾಣಗಳ ರೂಢಿ ಇದು: ಪುಡಿಯಾದರೆ ಲೀಟರ್ ನೀರಿಗೆ 40 ಗ್ರಾಂ, 100 ಚದರ ಮೀಟರಿಗೆ 3 ಲೀಟರ್ ದ್ರಾವಣ, 90 ದಿನಕ್ಕೊಮ್ಮೆ. ಮೆಲಾಥಿಯಾನ್ ಆದರೆ ಲೀಟರಿಗೆ 10 ಮಿ.ಲೀ., ಅಷ್ಟೇ ಜಾಗಕ್ಕೆ ಅದೇ 3 ಲೀಟರ್, ಆದರೆ 15 ದಿನಕ್ಕೊಮ್ಮೆ. 30×40 ಅಡಿಯ ಗೋದಾಮಿನಲ್ಲಿ ನೆಲ, ಮತ್ತೆ 10 ಅಡಿ ಎತ್ತರದವರೆಗೆ ನಾಲ್ಕೂ ಗೋಡೆ ಸೇರಿದರೆ ಸುಮಾರು 240 ಚದರ ಮೀಟರ್. ಏಳೂಕಾಲು ಲೀಟರ್ ದ್ರಾವಣ, 290 ಗ್ರಾಂ ಪುಡಿ. ಮೂರು ತಿಂಗಳಿಗೆ ಅಷ್ಟೇ. ಮೆಲಾಥಿಯಾನ್ ಹಿಡಿದರೆ ಅದೇ ಅವಧಿಯಲ್ಲಿ ಆರು ಸಲ ಪಂಪು ಬೆನ್ನಿಗೇರಬೇಕು. ಬಾಟಲಿ ಅಗ್ಗ ಅಂತ ಕಂಡರೂ ಆಳಿನ ಕೂಲಿ ಸೇರಿಸಿ ನೋಡಿ.

ಸುಣ್ಣ ಬಳಿದ ಗೋಡೆಯ ಕ್ಷಾರಕ್ಕೆ ಮೆಲಾಥಿಯಾನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಎಣ್ಣೆಯಂತಿರುವ ಅದನ್ನು ಒರಟು ಸಿಮೆಂಟು ಹೀರಿಬಿಡುತ್ತದೆ. ಪುಡಿ ಮೇಲ್ಮೈಯಲ್ಲೇ ಕೂರುತ್ತದೆ, ಹರಿದಾಡುವ ಹುಳದ ಕಾಲಿಗೆ ಅಂಟುತ್ತದೆ. ಜೊತೆಗೆ, ನಮ್ಮ ದೇಶದ ಕೆಂಪು ಹಿಟ್ಟಿನ ಹುಳ ಮೆಲಾಥಿಯಾನಿಗೆ ಒಗ್ಗಿಕೊಂಡು ಬಹಳ ಕಾಲವಾಯಿತು.

ಹೊಡೆಯುವ ಮುಂಚೆ ಕಸ ಗುಡಿಸಲೇಬೇಕು. ದೂಳಿನ ಮೇಲೆ ಹೊಡೆದರೆ ಔಷಧ ದೂಳಿಗೆ ಅಂಟಿ, ಮಾರನೇ ದಿನ ಪೊರಕೆಯ ಜೊತೆ ಹೊರಗೆ ಹೋಗುತ್ತದೆ. ಬಾಗಿಲ ಚೌಕಟ್ಟಿನ ಸಂದು, ನೆಲದ ಬಿರುಕು, ಚೀಲದ ಅಟ್ಟಿಯ ಕೆಳಗಿನ ಹಲಗೆ: ಉದುರುಕಾಳು ಸೇರಿಕೊಳ್ಳುವುದು ಇಲ್ಲೇ, ಹುಳ ಅಡಗುವುದೂ ಇಲ್ಲೇ. ಬಿರುಕನ್ನು ಸಿಮೆಂಟಿನಿಂದ ಮುಚ್ಚಿಬಿಡಿ.

ಪುಡಿಯನ್ನು ನೇರ ಪಂಪಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟು ಒಡೆದು, ಉಳಿದ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಿ. ಇದು ಕರಗುವ ಪುಡಿಯಲ್ಲ, ತೇಲುವ ಪುಡಿ. ಐದು ನಿಮಿಷ ಪಂಪು ಅಲ್ಲಾಡಿಸದೆ ಬಿಟ್ಟರೆ ತಳದಲ್ಲಿ ಕೂತು ಮೊದಲು ನಾಝಲ್ ಕಟ್ಟುತ್ತದೆ. ಆಮೇಲೆ ಒಂದು ಗೋಡೆಗೆ ಬರೀ ನೀರು, ಇನ್ನೊಂದಕ್ಕೆ ಎರಡರಷ್ಟು ಔಷಧ. "ಹೊಡೆದರೂ ಹುಳ ಸಾಯಲಿಲ್ಲ" ಎನ್ನುವ ದೂರಿನ ಮೂಲ ಹಲವು ಸಲ ಈ ತಳದ ಗಸಿ. ಗೋಡೆ ಒದ್ದೆಯಾಗಬೇಕು, ನೀರು ಇಳಿಯಬಾರದು. ಒಣಗಿದ ಮೇಲೆ ತೆಳು ಬಿಳಿ ಕಲೆ ಉಳಿಯುತ್ತದೆ. ಅದು ಇರಲಿ, ತೊಳೆಯಬೇಡಿ. ಕಲಸಿದ್ದನ್ನು ಅವತ್ತೇ ಮುಗಿಸಿ.

90 ದಿನ ಎನ್ನುವುದು ಗೋಡೆಗೆ ಸರಿ, ನೆಲಕ್ಕೆ ಅಷ್ಟಿಲ್ಲ. ದಿನಾ ಗುಡಿಸಿ, ಚೀಲ ಎಳೆದಾಡುವ ಕಡೆ ಅದಕ್ಕೂ ಮೊದಲೇ ಸವೆದುಹೋಗುತ್ತದೆ.

ಇನ್ನು ಇದು ಮಾಡದ ಕೆಲಸ. ಕಾಳಿನ ಒಳಗಿರುವ ಹುಳಕ್ಕೆ ಇದು ತಲುಪುವುದೇ ಇಲ್ಲ. ಕಲಬುರಗಿ ಕಡೆ ದರ ಏರಲಿ ಅಂತ ಇಟ್ಟ ತೊಗರಿಯನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿಯಿರಿ. ಕಾಳಿನ ಮೈಗೆ ಅಂಟಿದ, ಉಗುರಿನಲ್ಲಿ ಕೆರೆದರಷ್ಟೇ ಬರುವ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಮರಿ ನೇರ ಒಳಕ್ಕೆ ಕೊರೆದು, ಬೇಸಿಗೆಯಲ್ಲಿ ತಿಂಗಳೊಪ್ಪತ್ತಿನಲ್ಲಿ ಬೆಳೆದ ಹುಳವಾಗಿ ದುಂಡು ತೂತು ಮಾಡಿ ಹೊರಬರುತ್ತದೆ. ಈ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಚೀಲದ ಜೊತೆ ಬಂದಿರುತ್ತದೆ. ಗೋಡೆಗೆ ಎಷ್ಟು ಹೊಡೆದರೂ ವ್ಯರ್ಥ. ಅದಕ್ಕೆ ಹೊಗೆ ಹಾಕುವುದೇ ದಾರಿ: ಗಾಳಿಯಾಡದ ಹೊದಿಕೆಯೊಳಗೆ ಟನ್ನಿಗೆ 3 ಗ್ರಾಂನ ಮೂರು ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ, ಏಳು ದಿನ. ಮಾತ್ರೆಯಿಂದ ಹೊರಡುವ ಗ್ಯಾಸು ಮನುಷ್ಯರ ಜೀವ ತೆಗೆಯುತ್ತದೆ. ಪರವಾನಗಿ ಇರುವ ಕೀಟ ನಿಯಂತ್ರಣದವರನ್ನೇ ಕರೆಸಿ, ಮನೆಯಲ್ಲಂತೂ ಬೇಡವೇ ಬೇಡ. ಗ್ಯಾಸು ಹೋದ ಮೇಲೆ ಕಾಳಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಡೆಲ್ಟಾಮೆಥ್ರಿನ್ ಚೀಲದ ಹೊರಮೈಗೆ ನಿಜವಾಗಿ ಬೇಕಾಗುವುದು ಆ ಹೊತ್ತಿನಲ್ಲಿ, ಹೊಸ ಹುಳ ಹತ್ತದಂತೆ. ತಿನ್ನುವ ಕಾಳಿಗೆ ನೇರ ಬೆರೆಸುವ ಮಾತೇ ಇಲ್ಲ. ಬಿತ್ತನೆ ಬೀಜಕ್ಕಾದರೆ ಕಿಲೋಗೆ 40 ಮಿಲಿಗ್ರಾಂ ಪುಡಿ ಸಾಕು, ಆ ಬೀಜ ಮತ್ತೆ ಅಡುಗೆಮನೆಗೆ ಬರಬಾರದು.

ರಾಮನಗರ, ಕೋಲಾರ ಕಡೆಯವರಿಗೆ ಒಂದು ಮಾತು: ರೇಷ್ಮೆ ಹುಳಕ್ಕೆ ಇದು ಘೋರ ವಿಷ. ರಾಗಿ ಚೀಲ, ಹುಳು ಸಾಕಾಣಿಕೆ ಎರಡೂ ಒಂದೇ ಸೂರಿನಡಿ ಇದ್ದರೆ ಈ ಪುಡಿಯನ್ನು ಒಳಗೆ ತರಲೇಬೇಡಿ. ರಾಗಿಗೆ ಅಷ್ಟಾಗಿ ಹುಳ ಹಿಡಿಯುವುದೂ ಇಲ್ಲ, ಚೆನ್ನಾಗಿ ಒಣಗಿಸಿದರೆ ಸಾಕು. ಮೀನಿಗೂ ಇದು ಮಾರಕ, ಪಂಪು ತೊಳೆದ ನೀರು ಕೆರೆಗೆ ಹೋಗಬಾರದು. ಹೊಡೆಯುವವರು ಮುಖಗವಸು, ಕೈಗವಸು, ಕನ್ನಡಕ ಹಾಕಿಕೊಳ್ಳಲಿ. ಚರ್ಮಕ್ಕೆ ತಾಗಿದರೆ ಜುಮುಗುಟ್ಟಿ ಉರಿಯುತ್ತದೆ, ಸೋಪು ಹಾಕಿ ತೊಳೆಯಬೇಕು.

ಸಹಕಾರ ಸಂಘದ ಗೋದಾಮು, ಬೇಳೆ ಮಿಲ್ಲು, ಮಂಡಿ ಅಂಗಡಿಗೆ ಧಾರಾಳವಾಗಿ ಕೊಳ್ಳಬಹುದು. ಮನೆಯಲ್ಲಿ ಹತ್ತು ಚೀಲ ಇಡುವವರಿಗೆ ಬೇಡ. ಒಣಗಿಸಿದ ಕಾಳನ್ನು ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಆಯಿತು.